ಲಗ್ನವಿಲ್ಲದ ಮನೆಯ ಆನೆಗಳು

ನಮ್ಮ ಮನೆಯಲ್ಲಿ ಎಣ್ಣೆ ತಾಗದ ವಸ್ತುವೇ ಇರಲಿಲ್ಲ. ಬಾಗಿಲ ಚಿಲಕ, ಕೊಡದ ಕಂಠ, ಹೊದೆಯುವ ಕೌದಿ, ನಾನು ಉಡುತ್ತಿದ್ದ ಪರಕಾರದ ಅಂಚು, ಎಲ್ಲದಕ್ಕೂ ಕುಸುಬಿ ಎಣ್ಣೆಯ ಜಿಡ್ಡು. ಯಲಬುರ್ಗಾದಲ್ಲಿ ಸಂತೆಯ ಬಯಲಿಗೆ ಹೋಗುವ ಓಣಿಯಲ್ಲಿ ನಮ್ಮದು ಗಾಣದ ಮನೆ. ಹೊಸಬರು ದಾರಿ ಕೇಳಿದರೆ ಓಣಿಯ ಜನ ಕೈ ಸಹ ತೋರಿಸದೆ, ವಾಸನೆ ಹಿಡಿದು ಹೋಗ್ರಿ ಎನ್ನುತ್ತಿದ್ದರು. ಮುಂದಿನ ದೊಡ್ಡ ಅಂಕಣದ ನಡುವೆ ಗಾಣ, ಅದರ ಸುತ್ತ ಎತ್ತು ತಿರುಗಿ ತಿರುಗಿ ಸವೆದ ಮಣ್ಣಿನ ಹಾದಿ, ಮೂಲೆಯಲ್ಲಿ ಎತ್ತಿನ ಗೋದಲಿ. ಒಂದು ಮೆಟ್ಟಿಲು ಹತ್ತಿದರೆ ಪಡಸಾಲೆ. ಅದರಾಚೆ ದೇವರ ಜಗಲಿ ಮತ್ತು ಒಲೆ ಎರಡೂ ಒಂದೇ ಕೋಣೆಯಲ್ಲಿ, ನಡುವೆ ಮೊಣಕಾಲೆತ್ತರದ ಗೋಡೆ. ಬೆಳಕೆಂದರೆ ಮಾಳಿಗೆಯ ಬೆಳಕಿಂಡಿಗಳಿಂದ ಇಳಿದು ಬಂದಷ್ಟೇ. ಈ ಮನೆಯಲ್ಲಿ ನಾವು ಆರು ಜನ ಎಂದು ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಬಂದವರಿಗೆಲ್ಲ ಹೇಳುತ್ತಿದ್ದಳು. ಆಕೆ, ಅಪ್ಪ, ಅವ್ವ, ಅಕ್ಕ ಗೌರವ್ವ, ನಾನು ಬಸವ್ವ. ಆರನೆಯದು ಕೆಂದ ಎಂಬ ನಮ್ಮ ಎತ್ತು.

ಆಗಿನ್ನೂ ನಿಜಾಮನ ಆಳಿಕೆ. ದೂರದಲ್ಲೆಲ್ಲೋ ದೊಡ್ಡ ಯುದ್ಧ ನಡೆದಿತ್ತಂತೆ. ನಮಗೆ ಅದರ ಸುದ್ದಿ ಬಂದದ್ದು ಸೀಮೆಎಣ್ಣೆ ಸಿಗದಂತಾದಾಗ. ಜನ ಮತ್ತೆ ಹಣತೆಗೆ ಬಂದರು, ಗಾಣಕ್ಕೆ ಬಿಡುವಿಲ್ಲದಾಯಿತು. ಬೆಳಗಿನಿಂದ ಹೊತ್ತು ಮುಳುಗುವವರೆಗೆ ಅಪ್ಪ ಕೆಂದನ ಹಿಂದೆ ಸುತ್ತುತ್ತಿದ್ದ. ಗಾಣದ ಎತ್ತಿಗೆ ತಲೆ ತಿರುಗದಿರಲಿ ಎಂದು ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ. ಅಪ್ಪನ ಕಣ್ಣಿಗೆ ಕಟ್ಟುವವರಿರಲಿಲ್ಲ. ಆತನಿಗೆ ಆಗ ಮೂಗಿನ ತುದಿಯಲ್ಲೇ ಸಿಟ್ಟು. ಊಟಕ್ಕೆ ಕೂತರೆ ರೊಟ್ಟಿ ದಪ್ಪ, ಪಲ್ಯ ಸಪ್ಪೆ. ಪಲ್ಯ ಖಾರವಾದರೆ ಊಟದ ಗಂಗಾಳ ದೂರ ಸರಿಸಿ ಎದ್ದೇಬಿಡುತ್ತಿದ್ದ. ಅವ್ವನೂ ಸುಮ್ಮನಿರುವ ಪೈಕಿಯಲ್ಲ.

“ಗಾಣದಾಗ ಕಾಳ ಹಾಕಿ ಅರೀರಿ, ನಮ್ಮನ್ಯಾಕ ಅರಿಯಾಕತ್ತೀರಿ?” ಎನ್ನುತ್ತಿದ್ದಳು.

ಒಮ್ಮೆ ಅಪ್ಪ ಸಮಾಧಾನದಲ್ಲಿದ್ದಾಗ ನನಗೆ ಹೇಳಿದ ಮಾತು ನೆನಪಿದೆ.

“ಕೆಂದಗ ಕಣ್ಣ ಕಟ್ಟೇವಿ. ತಾ ಎಲ್ಲೋ ದೂರ ಊರಿಗೆ ಹೊಂಟೇನಿ ಅಂತ ಅದಕ್ಕೊಂದು ಸಮಾಧಾನ ಐತಿ. ನಾ ಕಣ್ಣ ತಕ್ಕೊಂಡು ದಿನಾ ಇದ ಗ್ವಾಡಿ ನೋಡಬೇಕು ನೋಡು ಬಸವ್ವಾ.”

ನಮ್ಮಲ್ಲಿ ಅಗಸಿ ಎಣ್ಣೆ ಒಯ್ಯಲು ಕಿನ್ನಾಳದಿಂದ ಒಬ್ಬ ಮುದುಕ ಬರುತ್ತಿದ್ದ. ಮರದ ಗೊಂಬೆ ಮಾಡುವ, ಲಗ್ನದ ಮನೆಗಳಿಗೆ ಚಿತ್ರ ಬರೆಯುವ ಚಿತ್ರಗಾರ. ಅಗಸಿ ಎಣ್ಣೆ ಕಾಯಿಸಿ ಬಣ್ಣಕ್ಕೆ ಬೆರೆಸಿದರೆ ಮರದ ಮೇಲೆ ಗಟ್ಟಿಯಾಗಿ ಕೂರುತ್ತದೆ ಎಂದು ಆತ ಹೇಳುತ್ತಿದ್ದ. ಒಂದು ಸಲ ನಮ್ಮ ಓಣಿಯಲ್ಲೇ ಯಾರದೋ ಮನೆಯ ಕೆಲಸ ಮುಗಿಸಿ ಎಣ್ಣೆಗೆ ಬಂದವನು ತೆಂಗಿನ ಚಿಪ್ಪುಗಳಲ್ಲಿ ಉಳಿದಿದ್ದ ಬಣ್ಣವನ್ನು ಗಾಣದ ಕಟ್ಟೆಯ ಮೇಲೆ ಇಟ್ಟ.

“ಒಯ್ಯೂದ್ರಾಗ ಒಣಗಿ ಹೊಕ್ಕೈತಿ ಶಿವಪ್ಪಾ. ಹುಡುಗ್ರು ಆಡಾಕ ಇಟ್ಟಕೋ” ಎಂದು ಹೋದ.

ಆಡಿದವನು ಅಪ್ಪ. ಅವತ್ತು ಸೋಮವಾರ. ಸೋಮವಾರ ಬಸವಣ್ಣನ ವಾರ, ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಗಾಣವೂ ನಿಲ್ಲುತ್ತದೆ. ಸೋಮವಾರ ಬಂತೆಂದರೆ ಅಪ್ಪನಿಗೆ ಏನು ಮಾಡಬೇಕೋ ತಿಳಿಯುತ್ತಿರಲಿಲ್ಲ. ಮನೆಯ ಎಲ್ಲರ ತಪ್ಪು ಹುಡುಕುವ ದಿನ ಅದು. ಆ ದಿನ ಆತ ಈಚಲ ಕಡ್ಡಿಯ ತುದಿಯನ್ನು ಕಲ್ಲಿನಿಂದ ಜಜ್ಜಿ, ನಾರು ಬಿಡಿಸಿ, ಚಿಪ್ಪಿನ ಹಸಿರಿಗೆ ಅದ್ದಿ, ತಾನು ದಿನವೂ ನೋಡುವ ಗೋಡೆಯ ಮುಂದೆ ನಿಂತ. ತುಸು ಹೊತ್ತಿಗೆ ಒಂದು ಗಿಣಿ ಮೂಡಿತು. ಗಿಣಿ ಎಂದು ಅಪ್ಪ ಹೇಳಿದ್ದರಿಂದ ನಾವು ನಂಬಿದೆವು. ಆಯಿ ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು.

“ಇದು ಗಿಣಿನೋ, ಬದನಿಕಾಯಿಗೆ ಕೊಕ್ಕ ಬಂದೈತೋ?”

“ಮುಂದಿನ ಸೋಮಾರ ಗಿಣಿ ಆಕ್ಕೈತಿ ತಗೋ ಯವ್ವಾ” ಎಂದ ಅಪ್ಪ.

ಆಯಿಗೆ ಸಿಡುಕದೆ ಉತ್ತರ ಕೊಟ್ಟದ್ದನ್ನು ನಾನು ಅಂದೇ ಮೊದಲು ಕೇಳಿದ್ದು. ಮುಂದಿನ ಸೋಮವಾರವೂ ಅದು ಗಿಣಿಯಾಗಲಿಲ್ಲ. ಆದರೆ ಚಿಪ್ಪಿನ ಬಣ್ಣ ಮುಗಿಯಿತೆಂದು ಅಪ್ಪ ನಿಲ್ಲಿಸಲೂ ಇಲ್ಲ. ಊರಾಚೆಯ ದಿನ್ನೆಯಿಂದ ಕೆಮ್ಮಣ್ಣು ತಂದ. ಸುಣ್ಣ ಮನೆಯಲ್ಲೇ ಇತ್ತು, ಅರಿಶಿನ ಅಡುಗೆಮನೆಯಲ್ಲಿತ್ತು, ಕಪ್ಪಿಗೆ ದೀಪದ ಮಸಿ. ಇವನ್ನೆಲ್ಲ ಕಲ್ಲಿನ ಮೇಲೆ ಅರೆದು ಕಾಯಿಸಿದ ಅಗಸಿ ಎಣ್ಣೆಯಲ್ಲಿ ಕಲಸುವ ಕೆಲಸ ನನ್ನದಾಯಿತು. ಕೆಮ್ಮಣ್ಣಿನ ಹರಳು ಕೈಗೆ ತಾಗದಷ್ಟು ನುಣ್ಣಗೆ ಅರೆಯಬೇಕು. ಬೆರಳಿಂದ ಉಜ್ಜಿ ನೋಡಿ ಅಪ್ಪ ತಲೆಯಾಡಿಸಿದರೆ ನನಗೆ ಹಬ್ಬ. ಆತ ಬರೆಯುತ್ತಿದ್ದುದು ನಮ್ಮ ಕಣ್ಣಿಗೆ ಬೀಳುವಂಥವನ್ನೇ: ಕುಸುಬಿಯ ಹೂ, ಕೋಳಿ, ಬುತ್ತಿ ಹೊತ್ತು ಹೊಲಕ್ಕೆ ಹೋಗುವ ಹೆಂಗಸರ ಸಾಲು, ಮಲಗಿದ ಕೆಂದ. ಯಾವುದೂ ಹೇಳಿಕೊಳ್ಳುವಷ್ಟು ಚಂದ ಇರಲಿಲ್ಲ. ನಾನು ಈಗ ಚಿತ್ರ ಬರೆಯುವವಳಾಗಿ ಹೇಳುತ್ತೇನೆ, ಅಪ್ಪನ ಕೈ ಬಹಳ ಸಾಧಾರಣದ್ದು. ಆದರೆ ಬರೆಯುವಾಗ ಆತನ ಮುಖ ಬೇರೆಯೇ ಇರುತ್ತಿತ್ತು. ತುಟಿ ಸ್ವಲ್ಪ ತೆರೆದು, ಹುಬ್ಬು ಸಡಿಲಾಗಿ, ಹಿಂದಕ್ಕೆ ಸರಿದು ನೋಡಿ ತನ್ನಷ್ಟಕ್ಕೆ ನಗುತ್ತಿದ್ದ. ಆ ನಗು ಮಂಗಳವಾರ, ಬುಧವಾರದವರೆಗೂ ಉಳಿಯುತ್ತಿತ್ತು. ಗುರುವಾರದ ಹೊತ್ತಿಗೆ ಸಿಟ್ಟು ಮೆಲ್ಲಗೆ ತಲೆಯೆತ್ತುತ್ತಿತ್ತು, ಆದರೆ ಸೋಮವಾರ ದೂರವಿರುತ್ತಿರಲಿಲ್ಲ. ಗಂಗಾಳ ಸರಿಸುವುದು ನಿಂತೇಹೋಯಿತು. ಆ ಒಂದೂವರೆ ವರ್ಷ ನಮ್ಮ ಮನೆ ಸುಖವಾಗಿತ್ತು, ಮತ್ತು ಅದಕ್ಕೆ ಕಾರಣ ಏನೆಂದು ನಮಗೆಲ್ಲ ಗೊತ್ತಿತ್ತು.

ಗೊತ್ತಿದ್ದರೂ ಜಗಳ ತಪ್ಪಲಿಲ್ಲ. ಅವ್ವ ಚಟ್ನಿಪುಡಿಗೆಂದು ಗಡಿಗೆಯಲ್ಲಿ ತೆಗೆದಿಟ್ಟಿದ್ದ ಅಗಸಿಯನ್ನು ಅಪ್ಪ ಒಂದು ಸಲ ಗಾಣಕ್ಕೆ ಸುರಿದುಬಿಟ್ಟಿದ್ದ. ಊಟಕ್ಕೆ ಕೂತಾಗ ಅವ್ವ ಬರೀ ರೊಟ್ಟಿ ಬಡಿಸಿ ಪಕ್ಕದಲ್ಲಿ ಕೂತಳು.

“ಚಟ್ನಿ?” ಎಂದ ಅಪ್ಪ.

“ನಿಮ್ಮ ಗ್ವಾಡಿ ತಿಂದಾವ್ರಿ. ಅಲ್ಲೇ ಹೋಗಿ ಹಚ್ಚಿಕೊಂಡು ಬರ್ರಿ.”

ಅಪ್ಪ ರೊಟ್ಟಿ ಹಿಡಿದು ನಿಜವಾಗಿಯೂ ಎದ್ದು ಗೋಡೆಯವರೆಗೆ ಹೋದ. ಕುಸುಬಿ ಹೂವಿಗೆ ರೊಟ್ಟಿ ತಾಗಿಸಿ ಬಂದು ಕೂತು ತಿಂದ. ಅವ್ವನಿಗೆ ನಗು ತಡೆಯಲಾಗಲಿಲ್ಲ. ಆದರೂ ಅಡುಗೆಮನೆಯ ಗೋಡೆಗೆ ಮಾತ್ರ ಆಕೆ ಆತನನ್ನು ಬಿಟ್ಟುಕೊಳ್ಳಲಿಲ್ಲ.

ಈ ನಡುವೆ ಅಕ್ಕನಿಗೆ ಕುಷ್ಟಗಿಯಿಂದ ಒಂದು ಸಂಬಂಧ ಬಂತು. ಎಣ್ಣೆ ಅಂಗಡಿ ಇಟ್ಟಿದ್ದ ನಮ್ಮವರದೇ ಮನೆ, ಹುಡುಗ ಸಂಗಣ್ಣ. ಹೆಣ್ಣು ನೋಡಲು ಬಂದ ದಿನ ಆತ ಒಳಗೆ ಕಾಲಿಡುವಾಗ ಕೆಂದನ ಸಗಣಿ ತುಳಿದು ಜಾರಿ, ಎಲ್ಲರ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಜತೆಗೆ ಬಂದಿದ್ದ ಅವನ ಮುತ್ಯಾ, ಅಜ್ಜನಿಗೆ ನಮ್ಮಲ್ಲಿ ಹಾಗೆನ್ನುತ್ತೇವೆ, ಮುಖ ಗಂಟಿಕ್ಕಿದ. ಸಂಗಣ್ಣ ಮಾತ್ರ ಕೂತಲ್ಲೇ ನಕ್ಕ. ಬಾಗಿಲ ಹಿಂದಿನಿಂದ ನೋಡುತ್ತಿದ್ದ ಅಕ್ಕ ಆಗಲೇ ಮನಸ್ಸು ಕೊಟ್ಟಳು. ಅದನ್ನು ಆಕೆ ನನ್ನೊಬ್ಬಳಿಗೇ ಹೇಳಿದ್ದು, ಕೌದಿ ಹೊಲಿಯುತ್ತ, ತಲೆ ಎತ್ತದೆ. ಮಾತುಕತೆಯೆಲ್ಲ ಒಪ್ಪಿಗೆಯಾಗಿ, ಸುಗ್ಗಿ ಮುಗಿದ ಮೇಲೆ ಸಕ್ಕರೆ ಹಂಚಿ ನಿಶ್ಚಯ ಮಾಡುವುದೆಂದು ಹೇಳಿ ಅವರು ಹೋಗಿದ್ದರು. ಸಕ್ಕರೆ ಹಂಚುವವರೆಗೆ ಯಾವುದೂ ಗಟ್ಟಿಯಲ್ಲ, ಯಾರ ಮುಂದೆಯೂ ಬಾಯಿ ಬಿಡಬಾರದು ಎಂದು ಆಯಿ ನಮಗೆಲ್ಲ ತಾಕೀತು ಮಾಡಿದ್ದಳು.

ಸುಗ್ಗಿ ಇನ್ನೂ ನಡೆದಿದ್ದಾಗಲೇ ಒಂದು ಸೋಮವಾರ ಅವ್ವ, ಆಯಿ, ಅಕ್ಕ ಮೂವರೂ ಕೌದಿ ಒಗೆಯಲು ಹಳ್ಳಕ್ಕೆ ಹೋದರು. ಅಪ್ಪ ಕಡ್ಡಿ ಹಿಡಿದು ಮನೆಯೆಲ್ಲ ಸುತ್ತಿ ಬಂದ. ಗಾಣದ ಅಂಕಣ ತುಂಬಿತ್ತು, ಪಡಸಾಲೆ ತುಂಬಿತ್ತು. ಬರೆಯಲು ಅಂಗೈಯಗಲ ಜಾಗ ಉಳಿದಿರಲಿಲ್ಲ. ಆತ ಹೊರಗೆ ಬಂದು ನಿಂತ. ಬಾಗಿಲ ಎಡಕ್ಕೂ ಬಲಕ್ಕೂ ಆಗಷ್ಟೇ ಸಾರಿಸಿದ ಗೋಡೆ. ಅಪ್ಪ ಎಡಗಡೆ ಒಂದು ಆನೆ ಬರೆದ, ಬೆನ್ನ ಮೇಲೆ ಹೊದಿಸಿದ ಕೆಮ್ಮಣ್ಣಿನ ಜೂಲು, ಸುಣ್ಣದ ದಂತ. ಅಷ್ಟಕ್ಕೆ ಮುಗಿಸಿ ಕೈ ತೊಳೆಯಲು ಹೊರಟವನನ್ನು ತಡೆದವಳು ನಾನು.

“ಅಪ್ಪಾ, ಒಂದ ಕಡಿಗೆ ಆದ್ರ ಚಂದ ಕಾಣಂಗಿಲ್ಲ. ಆ ಕಡಿಗೂ ಒಂದು ಬರಿ.”

“ಹೌದಲ್ಲ” ಎಂದು ಅಪ್ಪ ಬಲಗಡೆಗೂ ಒಂದು ಬರೆದ. ಬಾಗಿಲ ಮೇಲೆ ಮಾವಿನೆಲೆಯ ಸಾಲನ್ನೂ ಎಳೆದ.

ನಮ್ಮ ಊರುಗಳಲ್ಲಿ ಬಾಗಿಲ ಎರಡು ಕಡೆಗೆ ಆನೆ, ಮೇಲೆ ತೋರಣ ಬರೆದಿದ್ದರೆ ಅರ್ಥ ಒಂದೇ: ಆ ಮನೆಯಲ್ಲಿ ಲಗ್ನ ಗೊತ್ತಾಗಿದೆ. ಲಗ್ನದ ದಿನ ಇಟ್ಟ ಮೇಲೆ ಚಿತ್ರಗಾರ ಬಂದು ಬರೆಯುತ್ತಾನೆ, ಅದನ್ನು ನೋಡಿ ಜನ ಸುದ್ದಿ ತಿಳಿಯುತ್ತಾರೆ. ನಡೆಯಲು ಬರುವ ಕೂಸಿಗೂ ಇದು ಗೊತ್ತು. ಅಪ್ಪನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೆ ಅವತ್ತು ನಾವಿಬ್ಬರೂ ನೋಡಿದ್ದು ಗೋಡೆಯನ್ನು ಮಾತ್ರ. ಎರಡು ಆನೆಗಳಲ್ಲಿ ಬಲಗಡೆಯದು ಚೆನ್ನಾಗಿದೆಯೆಂದು ಮಾತಾಡುತ್ತ ಕಟ್ಟೆಯ ಮೇಲೆ ಕೂತಿದ್ದೆವು. ಆಗ ಎದುರು ಮನೆಯ ಮಲ್ಲವ್ವ ಕೊಡ ಇಳಿಸಿ ನಿಂತಳು.

“ಶಿವಪ್ಪಣ್ಣಾ, ಹೇಳ್ದ ಕೇಳ್ದ ಆನಿ ಬರಸೀರಲ್ಲ. ಗೌರವ್ವನ್ನ ಯಾವೂರಿಗೆ ಕೊಟ್ರಿ? ಲಗ್ನದ ಅಕ್ಕಿಕಾಳು ಯಾವಾಗ?”

ಅಪ್ಪನ ಕೈಯಿಂದ ಕಡ್ಡಿ ಬಿತ್ತು. ಏನೂ ಇಲ್ಲ, ಸುಮ್ಮನೆ ಬರೆದೆ ಎಂದ. ಸುಮ್ಮನೆ ಯಾರಾದರೂ ಆನೆ ಬರೆಯುತ್ತಾರೆಯೇ? ಮಲ್ಲವ್ವ ನಕ್ಕು, ಮುಚ್ಚಿಡೋದ್ಯಾಕ ಬಿಡಣ್ಣಾ ಎಂದು ಹೋದಳು. ಹಳ್ಳದಿಂದ ಬಂದವರು ಮನೆ ಮುಟ್ಟುವುದರೊಳಗೆ ದಾರಿಯಲ್ಲಿ ನಾಲ್ಕು ಜನ ಅವರಿಗೆ ಶುಭ ಹೇಳಿದ್ದರು. ಅವ್ವ ಹಸಿ ಕೌದಿಯನ್ನು ಕಟ್ಟೆಗೆ ಒಗೆದು ಸೀದಾ ಸುಣ್ಣದ ಗಡಿಗೆಗೆ ಕೈ ಹಾಕಿದಳು. ಆಯಿ ಅವಳ ಕೈ ಹಿಡಿದಳು.

“ಬ್ಯಾಡ. ಲಗ್ನದ ಆನಿ ಲಗ್ನ ಆಗೂ ಮುಂಚೆ ಅಳಿಸಿದ್ರ ಹೆಣ್ಣಿಗೆ ಛಲೋ ಅಲ್ಲ.”

ಇಡುವಂತಿಲ್ಲ, ಅಳಿಸುವಂತಿಲ್ಲ. ಆಯಿ ಅಪ್ಪನನ್ನು ಗಾಣದ ಬಳಿ ಕರೆದೊಯ್ದಳು. ಆತನ ಬಲಗೈಯನ್ನು ಹಿಡಿದು ಗಾಣದ ತೊಲೆಯ ಮೇಲೆ ಇಟ್ಟಳು. ನಮ್ಮ ಮನೆಗೆ ಗಾಣವೇ ದೇವರು, ಅದರ ಮೇಲಿನ ಆಣೆಯನ್ನು ನಮ್ಮವರು ಯಾರೂ ಮುರಿದದ್ದಿಲ್ಲ.

“ಇನ್ನ ಮ್ಯಾಲ ಈ ಕೈಲೆ ಕಡ್ಡಿ ಹಿಡಿಯಂಗಿಲ್ಲ ಅನ್ನು.”

“ಹಿಡಿಯಂಗಿಲ್ಲ ಯವ್ವಾ” ಎಂದ ಅಪ್ಪ. ಆಗ ಆತನಿಗೆ ನಲವತ್ತು ದಾಟಿತ್ತು. ತಪ್ಪು ಮಾಡಿದ ಹುಡುಗನ ಹಾಗೆ ತಲೆ ತಗ್ಗಿಸಿ ನಿಂತಿದ್ದ. ಎರಡನೆಯ ಆನೆ ನಾನು ಬರೆಯಲು ಹೇಳಿದ್ದೆಂದು ಅಪ್ಪ ಯಾರಿಗೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ನನಗೆ ಹೆದರಿಕೆಯಾಗಿತ್ತು.

ಸಂತೆಯ ದಿನ ಸುದ್ದಿ ಬಂಡಿ ಹತ್ತಿತು. ಗಾಣದ ಶಿವಪ್ಪನ ಮನೆಗೆ ಆನೆ ಬಿದ್ದಿವೆ, ಹುಡುಗಿಯನ್ನು ಎಲ್ಲಿಗೋ ಕೊಟ್ಟಿದ್ದಾರೆ ಎಂದು ಕುಷ್ಟಗಿ ತಲುಪಿತು. ಅವರಿಗಂತೂ ಯಾರೂ ಹೇಳಿರಲಿಲ್ಲ. ಹಾಗಾದರೆ ಬೇರೆ ಕಡೆಗೆ ಕೊಟ್ಟಿದ್ದಾರೆಂದೇ ಅರ್ಥ. ಮುಂದಿನ ಸಂತೆಗೆ ಅಲ್ಲಿಂದ ಬಂದ ಒಬ್ಬ ವ್ಯಾಪಾರಿ ಹೊಸ್ತಿಲಾಚೆಯೇ ನಿಂತು ಹೇಳಿಹೋದ.

“ಹುಡುಗಿಗೆ ಛಲೋ ಆಗ್ಲಿ ಅಂತ ಹೇಳ್ಯಾರ. ತಾವೂ ಬ್ಯಾರೆ ಕಡಿ ನೋಡ್ತಾರಂತ.”

ಆ ಮೇಲಿನ ದಿನಗಳನ್ನು ನೆನೆಯಲು ನನಗೆ ಈಗಲೂ ಮನಸ್ಸಿಲ್ಲ. ಅಪ್ಪ ಬೆಳಿಗ್ಗೆ ಎದ್ದು ಗಾಣ ಹೂಡುತ್ತಿದ್ದ, ತನ್ನದೇ ಚಿತ್ರಗಳ ನಡುವೆ ತಲೆ ತಗ್ಗಿಸಿ ಸುತ್ತುತ್ತಿದ್ದ. ಸೋಮವಾರ ಕಟ್ಟೆಯ ಮೇಲೆ ಕೂತು ಖಾಲಿ ಕೈಗಳನ್ನು ನೋಡಿಕೊಳ್ಳುತ್ತಿದ್ದ. ಒಂದು ದಿನ ಕೆಂದ ನಡೆಯುತ್ತ ನಡೆಯುತ್ತ ನಿಂತಿತು. ಅಪ್ಪ ಬಾರುಕೋಲಿನಿಂದ ಅದನ್ನು ಹೊಡೆದ. ಕೆಂದನ ಮೇಲೆ ನಮ್ಮ ಮನೆಯಲ್ಲಿ ಯಾರೂ ಕೈ ಎತ್ತಿದವರಲ್ಲ. ಆಯಿ ದೇವರ ಜಗಲಿಯ ಮುಂದೆ ಕೂತು ಅತ್ತಳು. ಅಕ್ಕ ಅಪ್ಪನ ಜೊತೆ ಮಾತು ಬಿಟ್ಟಿದ್ದಳು. ರೊಟ್ಟಿ ಬಡಿಸುವಾಗ ಗಂಗಾಳ ಬಿಟ್ಟು ಬೇರೆಲ್ಲೂ ನೋಡುತ್ತಿರಲಿಲ್ಲ. ಕಡೆಗೊಂದು ದಿನ ಅಪ್ಪನೇ, ಇನ್ನೊಂದು ರೊಟ್ಟಿ ಹಾಕವ್ವಾ ಎಂದಾಗ ಆಕೆ ಬಾಯಿ ತೆರೆದಳು.

“ಅಪ್ಪಾ, ನಿನಗ ಗ್ವಾಡಿ ಕಾಣ್ತಾವ. ಗ್ವಾಡಿ ಒಳಗಿನ ಮಂದಿ ಕಾಣಂಗಿಲ್ಲ.”

ಅಪ್ಪ ಆ ರೊಟ್ಟಿ ತಿನ್ನಲಿಲ್ಲ. ಮರುದಿನವೇ ಕುಷ್ಟಗಿಗೆ ಹೊರಟಿದ್ದ ಕಾಳಿನ ಬಂಡಿಯಲ್ಲಿ ಜಾಗ ಹಿಡಿದ. ಒಬ್ಬನೇ ಹೋಗಲು ಧೈರ್ಯವಿರಲಿಲ್ಲವೋ ಏನೋ, ನನ್ನನ್ನೂ ಕರೆದುಕೊಂಡ. ಹಾದಿಯುದ್ದಕ್ಕೂ ಎರಡು ಕಡೆಗೆ ಕೊಯ್ದು ಖಾಲಿಯಾದ ಎರೆ ಹೊಲ. ಮಧ್ಯಾಹ್ನ ದಾಟಿದ ಮೇಲೆ ಅಪ್ಪ ದೂರದ ಒಂದು ಗುಡ್ಡದ ಕಡೆಗೆ ಕೈ ಮಾಡಿ, “ಅದನ್ನ ನೋಡು ಬಸವ್ವಾ. ಕೆಂಪೂ ಅಲ್ಲ, ನೀಲಿನೂ ಅಲ್ಲ. ಏನ್ ಬೆರಸಬೇಕೋ ಅದಕ್ಕ” ಎಂದ. ಹೇಳಿದ್ದೇ ತಪ್ಪಾಯಿತೆಂಬಂತೆ ಮುಖ ಆ ಕಡೆ ತಿರುಗಿಸಿದ. ಆಗ ನನಗೆ ಅಪ್ಪನ ಮೇಲೆ ಬಹಳ ಪ್ರೀತಿ ಬಂತು.

ನಡುವೆ ಒಂದು ಹಳ್ಳಿಯಲ್ಲಿ ತಂಗಿ, ಮರುದಿನ ಬೆಳಿಗ್ಗೆ ಕುಷ್ಟಗಿ ಸೇರಿದೆವು. ಸಂಗಣ್ಣನ ಮನೆಯಲ್ಲಿ ಬೆಲ್ಲ, ನೀರು ಕೊಟ್ಟರು. ಮುತ್ಯಾ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದ. ಸಂಗಣ್ಣ ದೂರದಲ್ಲಿ ಎಣ್ಣೆ ಅಳೆಯುವುದನ್ನು ಬಿಟ್ಟು ನಿಂತಿದ್ದ.

“ಮಾತು ಕೊಟ್ಟ ಮ್ಯಾಲೆ ಬ್ಯಾರೆ ಕಡಿ ಕೊಟ್ಟೀರಿ. ಇನ್ನೇನ್ ಉಳದೈತಿ ಮಾತಾಡಾಕ?” ಎಂದ ಮುತ್ಯಾ.

“ಹುಡುಗಿನ್ನ ಎಲ್ಲಿಗೂ ಕೊಟ್ಟಿಲ್ರಿ. ಆನಿ ನಾನ ಬರದೇನ್ರಿ.”

“ನೀವೇನು ಚಿತ್ರಗಾರ್ರೇನು?”

“ಅಲ್ರಿ. ಗಾಣಿಗ್ರು.”

“ಮತ್ತ ಯಾಕ ಬರದ್ರಿ?”

ಅಪ್ಪ ಆ ಪಡಸಾಲೆಯ ಗೋಡೆಯನ್ನು ಒಮ್ಮೆ ನೋಡಿದ.

“ಒಳಗಿನ ಗ್ವಾಡಿ ಎಲ್ಲಾ ಮುಗದಿದ್ದುವ್ರಿ.”

ಅಂಗಡಿಗೆ ಬಂದಿದ್ದವರೆಲ್ಲ ನಕ್ಕರು. ಮುತ್ಯಾ ನಗಲಿಲ್ಲ.

“ಇಂಥಾ ಸುಳ್ಳು ನಾ ಕಚೇರಿಯಾಗೂ ಕೇಳಿಲ್ಲ. ನೀವ ಬರದಿದ್ದು ಖರೇ ಆದ್ರ, ಈಗ ನಮ್ಮ ಮುಂದ ಬರದು ತೋರಸ್ರಿ.”

ಅಪ್ಪ ಬಲಗೈಯನ್ನು ಹಿಂದಕ್ಕೆ ಎಳೆದುಕೊಂಡ. ಗಾಣ ಮುಟ್ಟಿ ಆಣೆ ಮಾಡಿದ್ದೇನೆ, ಈ ಕೈಯಿಂದ ಕಡ್ಡಿ ಹಿಡಿಯುವಂತಿಲ್ಲ ಎಂದ. ನೋಡ್ರಿ, ಅದಕ್ಕೂ ಒಂದು ನೆವ ಸಿಕ್ಕಿತು ಎಂದು ಮುತ್ಯಾ ಕೈ ಝಾಡಿಸಿದ. ಸಂಗಣ್ಣ ನೆಲ ನೋಡಿದ. ಅಪ್ಪ ಉಟ್ಟ ಧೋತರದ ಚುಂಗನ್ನು ಸರಿಮಾಡಿಕೊಂಡು ಏಳತೊಡಗಿದ. ಎಲ್ಲ ಇಲ್ಲಿಗೆ ಮುಗಿಯಿತೆಂದು ನನಗೆ ಅರ್ಥವಾಯಿತು. ಅಕ್ಕನ ಮುಖ ಕಣ್ಣ ಮುಂದೆ ಬಂತು.

“ನಾ ಆಣಿ ಮಾಡಿಲ್ಲ. ನಾ ಬರೀತೀನಿ” ಎಂದೆ. “ಎರಡನೇ ಆನಿ ಬರಿ ಅಂದಾಕೀನೂ ನಾನ.”

ಮುತ್ಯಾ ಮೊದಲ ಬಾರಿ ನನ್ನನ್ನು ನೋಡಿದ. ಏನನಿಸಿತೋ, ಸುಣ್ಣ, ಕೆಮ್ಮಣ್ಣು ತರಿಸಿದ. ಸಾರಿಸಿ ಖಾಲಿಯಿದ್ದ ಗೋಡೆ ಎಂದರೆ ಹೊರಗೆ ಬಾಗಿಲ ಪಕ್ಕದ್ದು. ಎಲ್ಲರೂ ಹೊರಗೆ ಬಂದರು. ಅಲ್ಲಿಯವರೆಗೆ ನಾನು ಬಣ್ಣ ಅರೆದವಳೇ ಹೊರತು ಒಂದು ಗೆರೆಯನ್ನೂ ಎಳೆದವಳಲ್ಲ. ಕಡ್ಡಿಯನ್ನು ಕೆಮ್ಮಣ್ಣಿಗೆ ಅದ್ದಿದೆ. ಸೊಂಡಿಲಿನಿಂದ ಸುರು ಮಾಡಿದೆ. ಅದು ಮೊದಲಿಗೇ ಸೊಟ್ಟಗಾಗಿ ನನಗೆ ಅಳು ಬಂತು. ಹಿಂದಿನಿಂದ ಅಪ್ಪನ ದನಿ ಬಂತು.

“ಇರ್ಲಿ, ಅಳಬ್ಯಾಡ. ಸೊಂಡಿ ಮ್ಯಾಲ ಎತ್ತಿದಂಗ ಮಾಡು, ಸರಿ ಆಕ್ಕೈತಿ. ಹಾಂ. ಈಗ ನೆತ್ತಿ. ಸಾವಕಾಶ.”

ತಿರುಗಿ ನೋಡಿದೆ. ಅಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಒಂದರಿಂದ ಇನ್ನೊಂದನ್ನು ಬಿಗಿಯಾಗಿ ಹಿಡಿದುಕೊಂಡಿದ್ದ. ನಾನು ಬರೆಯುತ್ತ ಹೋದೆ. ಆತ ಗೋಡೆಗೆ ಹತ್ತಿರ ಬರುತ್ತಿದ್ದ, ಹಿಂದೆ ಸರಿಯುತ್ತಿದ್ದ, ಬಗ್ಗುತ್ತಿದ್ದ. “ಕಾಲು ದಪ್ಪ ಆಗಲಿ ಬಸವ್ವಾ. ಅದು ನಿಂದ್ರಬೇಕು, ಬೀಳಬಾರ್ದು. ಕಿವಿ ಮರತಿ ನೋಡು, ಕಿವಿ.” ಸುತ್ತಲಿನ ಜನ, ಮುತ್ಯಾ, ಸಂಬಂಧ, ಬಂದ ಕೆಲಸ ಯಾವುದೂ ಆತನ ನೆನಪಿನಲ್ಲಿ ಇರಲಿಲ್ಲ. ನನಗೂ ಒಂದು ಹೊತ್ತಿಗೆ ಅಳು ನಿಂತಿತು, ಹೆದರಿಕೆ ಹೋಯಿತು. ಗೋಡೆಯ ಮೇಲೆ ಮೊದಲು ಇಲ್ಲದ್ದೊಂದು ಈಗ ಇದೆ, ಅದನ್ನು ಮಾಡುತ್ತಿರುವವಳು ನಾನು ಎಂಬುದೊಂದೇ ಧ್ಯಾನ. ಸೋಮವಾರ ಅಪ್ಪ ತನ್ನಷ್ಟಕ್ಕೆ ಯಾಕೆ ನಗುತ್ತಿದ್ದನೆಂದು ಆಗ ತಿಳಿಯಿತು. ಅಷ್ಟು ಸುಲಭದ ಸಂತೋಷ ಅದು.

ಮುತ್ಯಾ ಆನೆಯನ್ನು ನೋಡುತ್ತಿರಲಿಲ್ಲ. ಅಪ್ಪನನ್ನೇ ನೋಡುತ್ತಿದ್ದ.

“ಸಾಕು ಬಿಡ್ರಿ” ಎಂದ ಕಡೆಗೆ. “ಸುಳ್ಳು ಹೇಳಾಕ ಬಂದಾವ ಆಗಿದ್ರ ಇಷ್ಟೊತ್ತಿಗೆ ಮಗಳ ಮಾತು ಆಡಿ ಅಳ್ತಿದ್ದ. ಈ ಮನಷ್ಯಾ ಆನಿ ಕಿವಿ ಚಿಂತ್ಯಾಗ ಅದಾನ.”

ಅದೇ ಹೊತ್ತಿಗೆ ಸಂಗಣ್ಣನ ಆಯಿ ಹೊಲದಿಂದ ಬುಟ್ಟಿ ಹೊತ್ತು ಬಂದಳು. ಬಾಗಿಲ ಪಕ್ಕದ ಆನೆ ನೋಡಿ ಅಲ್ಲೇ ನಿಂತಳು.

“ನಮ್ಮ ಮನ್ಯಾಗ ಯಾರ ಲಗ್ನ? ನನಗೊಂದು ಮಾತು ಹೇಳ್ದ ಆನಿ ಬರಸೀರಿ?”

ಮುತ್ಯಾ ಗೋಡೆಯ ಕಡೆ ತಿರುಗಿ ಈಗ ಸರಿಯಾಗಿ ಆನೆಯನ್ನು ನೋಡಿದ. ಅಪ್ಪ ಮಾಡಿದ ತಪ್ಪನ್ನೇ, ಅದೂ ತಾನೇ ಸುಣ್ಣ ತರಿಸಿ, ಆತನೂ ಮಾಡಿದ್ದ. ಬೀದಿಯಲ್ಲಿ ಆಗಲೇ ಹತ್ತಾರು ಜನ ಸೇರಿದ್ದರು. ಮೊದಲು ನಕ್ಕವನು ಸಂಗಣ್ಣ, ಅವತ್ತು ನಮ್ಮ ಮನೆಯಲ್ಲಿ ಕೂತಲ್ಲೇ ನಕ್ಕ ಹಾಗೆ. ಮುದುಕಿಗೆ ಎಲ್ಲವನ್ನೂ ಹೇಳಿದರು. ಆಕೆ ಬುಟ್ಟಿ ಇಳಿಸಿ, ಸೊಂಟಕ್ಕೆ ಕೈ ಕೊಟ್ಟು, ತೀರ್ಮಾನ ಹೇಳಿಬಿಟ್ಟಳು.

“ಆ ಮನಿಗೂ ಆನಿ, ಈ ಮನಿಗೂ ಆನಿ. ಎರಡೂ ಅಳಸಂಗಿಲ್ಲ. ಇನ್ನ ಏನ್ ವಿಚಾರ ಮಾಡ್ತೀರಿ? ಹುಡುಗಿ, ಆ ಕಡಿಗೂ ಒಂದು ಬರಿಯವ್ವಾ.”

ಸುಗ್ಗಿ ಮುಗಿದ ಮೇಲೆ ಸಕ್ಕರೆ ಹಂಚಿದರು, ಬೇಸಿಗೆಯಲ್ಲಿ ಅಕ್ಕಿಕಾಳು ಬಿತ್ತು. ಅಕ್ಕ ಅಪ್ಪನ ಹತ್ತಿರ ತಪ್ಪಾಯಿತು ಎನ್ನಲಿಲ್ಲ, ಅಪ್ಪನೂ ಎನ್ನಲಿಲ್ಲ. ನಮ್ಮ ಮನೆಯಲ್ಲಿ ಅಂಥ ರೂಢಿ ಇರಲಿಲ್ಲ. ನಾವು ಕುಷ್ಟಗಿಯಿಂದ ಬಂದ ದಿನ ಆಕೆ ಅಪ್ಪನ ರೊಟ್ಟಿಗೆ ತುಪ್ಪ ಸುರಿದು, ಆತ ಸಾಕು ಎಂದರೂ ಮತ್ತೆ ಸುರಿದಳು. ಆದರೆ ಆಯಿ ಆಣೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಲಗ್ನ ಕೂಡಿಬಂದದ್ದು ಬಸವಣ್ಣನ ದಯೆ, ಆಣೆ ಅಂದರೆ ಆಣೆ ಎಂದಳು. ಅಪ್ಪ ವಾದ ಮಾಡಲಿಲ್ಲ. ಸೋಮವಾರ ಕಡ್ಡಿ ಜಜ್ಜಿ ನನ್ನ ಕೈಗೆ ಕೊಡಲು ಅವ್ವನನ್ನು ಕರೆಯುತ್ತಿದ್ದ, ಜಜ್ಜಲು ಸಹ ಆತ ಅದನ್ನು ಮುಟ್ಟುತ್ತಿರಲಿಲ್ಲ. ನಾನು ಬರೆಯುತ್ತಿದ್ದೆ, ಆತ ಬೆನ್ನ ಹಿಂದೆ ಕೈ ಕಟ್ಟಿ ಹೇಳುತ್ತಿದ್ದ. ಆಯಿ ಅದನ್ನು ನೋಡಿಯೂ ಸುಮ್ಮನಿದ್ದಳು. ಆಣೆ ಕೈಗೆ ಇತ್ತು, ಬಾಯಿಗೆ ಇರಲಿಲ್ಲ. ಗೋಡೆ ತುಂಬಿದರೆ ಅದರ ಮೇಲೆ ಸುಣ್ಣ ಬಳಿದು ಮತ್ತೆ ಮೊದಲಿನಿಂದ ಸುರು. ಬಳಿದದ್ದಕ್ಕೆ ಅಪ್ಪನಾಗಲಿ ನಾನಾಗಲಿ ಒಮ್ಮೆಯೂ ಮರುಗಲಿಲ್ಲ. ಮನೆಯಲ್ಲಿ ಮತ್ತೆ ಯಾರೂ ಗಂಗಾಳ ಸರಿಸಲಿಲ್ಲ, ಕೆಂದನ ಮೈಮೇಲೆ ಬಾರುಕೋಲು ಏಳಲಿಲ್ಲ.

ನಾನು ಈಗಲೂ ಸೋಮವಾರ ಬರೆಯುತ್ತೇನೆ. ಒಂದನ್ನೂ ಮಾರಿದವಳಲ್ಲ, ಯಾರಿಂದಲೂ ಹೊಗಳಿಸಿಕೊಂಡವಳಲ್ಲ. ಯಾಕೆ ಬರೆಯುತ್ತೀ ಎಂದು ಮೊಮ್ಮಕ್ಕಳು ಕೇಳಿದರೆ, ಅಪ್ಪ ಕುಷ್ಟಗಿಯ ಪಡಸಾಲೆಯಲ್ಲಿ ಕೊಟ್ಟ ಉತ್ತರಕ್ಕಿಂತ ಒಳ್ಳೆಯದು ನನಗೂ ಸಿಕ್ಕಿಲ್ಲ.

ಆಯಿ ಹಾಸಿಗೆ ಹಿಡಿದದ್ದು ಅಕ್ಕನ ಲಗ್ನವಾಗಿ ಐದನೆಯ ವರ್ಷ. ಒಂದು ಬೆಳಿಗ್ಗೆ ಅಪ್ಪನನ್ನು ಕರೆಸಿ ಹತ್ತಿರ ಕೂಡಿಸಿಕೊಂಡಳು. ಆತನ ಬಲಗೈಯನ್ನು ತನ್ನ ಎದೆಯ ಮೇಲೆ ಇಟ್ಟುಕೊಂಡಳು.

“ತಮ್ಮಾ, ಆಣಿ ತಿರುಗಿ ತಗೊಂಡೀನಿ. ಗಾಣಕ್ಕೂ ಹೇಳೀನಿ. ಏಳು, ನನ್ನ ಮುಂದ ಒಂದು ಆನಿ ಬರಿ.”

ನಾನು ಓಡಿ ಬಣ್ಣ ಕಲಸಿ ತಂದೆ. ಅಪ್ಪ ಕಡ್ಡಿ ಹಿಡಿದು ಆಯಿಯ ಹಾಸಿಗೆಯ ಎದುರಿನ ಗೋಡೆಯ ಮುಂದೆ ನಿಂತ. ಬಣ್ಣ ಅದ್ದಿದ. ಕೈ ಮೇಲೆ ಎತ್ತಿದ, ಇಳಿಸಿದ, ಮತ್ತೆ ಎತ್ತಿದ. ಐದು ವರ್ಷ ನನ್ನ ಒಂದೊಂದು ಗೆರೆಯನ್ನೂ ತಿದ್ದಿದ್ದವನು, ಕಡ್ಡಿಯ ತುದಿಯಿಂದ ಕೆಮ್ಮಣ್ಣು ನೆಲಕ್ಕೆ ತೊಟ್ಟಿಕ್ಕುತ್ತಿರಲು, ನನ್ನ ಕಡೆ ತಿರುಗಿದ.

“ಬಸವ್ವಾ, ಎಲ್ಲಿಂದ ಸುರು ಮಾಡ್ಲಿ?”

“ಸೊಂಡಿಯಿಂದ ಬ್ಯಾಡ, ಬೆನ್ನಿಂದ ಮಾಡಪ್ಪಾ” ಎಂದೆ. “ಸಾವಕಾಶ.”

ಅಪ್ಪ ಬೆನ್ನಿನಿಂದ ಸುರು ಮಾಡಿದ.